ಓದುಗರ ಪ್ರಶ್ನೆ: ತೆಗೆದಷ್ಟೂ ಮರಳಿ ಬರುವ ಜಾಹೀರಾತು ತಂತ್ರಾಂಶ

ಪ್ರಶ್ನೆ: ನಾನು ಬ್ಯಾಂಕ್ ನೌಕರಿಯಿಂದ ನಿವೃತ್ತನಾದವನು. ನಮ್ಮ ಹೌಸಿಂಗ್ ಸೊಸೈಟಿಯ ಲೆಕ್ಕಪತ್ರವನ್ನೂ ಊರಿನ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯ ಮುಂಬಯಿ ಶಾಖೆಯ ಪತ್ರವ್ಯವಹಾರವನ್ನೂ ಮನೆಯ ಕಂಪ್ಯೂಟರಿನಲ್ಲಿಯೇ ಮಾಡುತ್ತೇನೆ. ಎರಡು ತಿಂಗಳ ಹಿಂದೆ ಕನ್ನಡ ಟೈಪ್ ಮಾಡುವ ತಂತ್ರಾಂಶವೊಂದನ್ನು ಅಂತರ್ಜಾಲದಿಂದ ಇಳಿಸಿಕೊಂಡೆ. ಅಂದಿನಿಂದ ಕ್ರೋಮ್ ತೆರೆದರೆ ಗೂಗಲ್ ಬದಲು ಹೆಸರೇ ಕೇಳಿರದ ಹುಡುಕಾಟದ ಪುಟವೊಂದು ಬರುತ್ತದೆ, ಯಾವ ಜಾಲತಾಣಕ್ಕೆ ಹೋದರೂ ಜಾಹೀರಾತುಗಳು ಮೇಲೆ ಬೀಳುತ್ತವೆ. ಪಕ್ಕದ ಮನೆಯ ಹುಡುಗ ಮೂರು ಸಲ ತೆಗೆದುಕೊಟ್ಟ. ಮೂರು ಸಲವೂ ಮರಳಿ ಬಂತು. ರಿಪೇರಿ ಅಂಗಡಿಯವರು ಫಾರ್ಮ್ಯಾಟ್ ಮಾಡದೆ (ಎಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕದೆ) ಗತ್ಯಂತರವಿಲ್ಲ ಎನ್ನುತ್ತಾರೆ. ಹಾಗೆ ಮಾಡಲೇಬೇಕೇ? ಈ ಕಂಪ್ಯೂಟರಿನಲ್ಲಿ ನೆಟ್‌ಬ್ಯಾಂಕಿಂಗ್ ಮಾಡಬಹುದೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಈಗಲೇ ಫಾರ್ಮ್ಯಾಟ್ ಮಾಡಿಸಬೇಡಿ. ನೀವು ವಿವರಿಸಿರುವುದು ಬ್ರೌಸರ್ ಹೈಜಾಕರ್ ಎಂಬ ತಂತ್ರಾಂಶದ ಲಕ್ಷಣ. ನಿಮ್ಮ ಮುಖಪುಟವನ್ನೂ ಹುಡುಕಾಟವನ್ನೂ ತನ್ನ ಕಡೆಗೆ ತಿರುಗಿಸಿಕೊಂಡು, ನೀವು ನೋಡುವ ಮತ್ತು ಒತ್ತುವ ಜಾಹೀರಾತುಗಳಿಂದ ಹಣ ಗಳಿಸುವುದು ಅದರ ಕಸುಬು. ಅದು ಮರಳಿ ಬರುತ್ತಿರುವುದಕ್ಕೆ ಕಾರಣ ಸರಳವಾದದ್ದು: ಅದು ಒಂದೇ ಕಡೆ ಕುಳಿತಿರುವುದಿಲ್ಲ. ನಾಲ್ಕೈದು ಕಡೆ ಬೇರು ಬಿಟ್ಟಿರುತ್ತದೆ, ಅವುಗಳಲ್ಲಿ ಒಂದು ಉಳಿದರೂ ಸಾಕು, ಉಳಿದವನ್ನು ಅದೇ ಮತ್ತೆ ಕರೆತರುತ್ತದೆ. ಪಕ್ಕದ ಮನೆಯ ಹುಡುಗ ಬಹುಶಃ ಕ್ರೋಮ್‌ನ ಒಳಗಿನದನ್ನು ಮಾತ್ರ ತೆಗೆದಿರಬೇಕು.

ಅದು ಒಳಗೆ ಬಂದ ದಾರಿಯನ್ನು ಮೊದಲು ನೆನಪಿಸಿಕೊಳ್ಳಿ. ಉಚಿತ ತಂತ್ರಾಂಶ ಕೊಡುವ ಎಷ್ಟೋ ತಾಣಗಳಲ್ಲಿ ‘ಡೌನ್‌ಲೋಡ್’ ಎಂಬ ದೊಡ್ಡ ಹಸಿರು ಗುಂಡಿ ಇರುತ್ತದೆ, ಅದು ಜಾಹೀರಾತು. ನಿಜವಾದ ಕೊಂಡಿ ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿರುತ್ತದೆ. ಇಳಿಸಿಕೊಂಡ ಕಡತವನ್ನು ತೆರೆದಾಗ ಇನ್ನೊಂದು ಪರದೆ ಬರುತ್ತದೆ: ಮೇಲೆ ‘ರೆಕಮೆಂಡೆಡ್’ ಎಂಬ ಆಯ್ಕೆಗೆ ಮೊದಲೇ ಗುರುತು ಬಿದ್ದಿರುತ್ತದೆ, ಅದರ ಕೆಳಗೆ ‘ಕಸ್ಟಮ್’ ಎಂಬುದು ಒತ್ತಲಿಕ್ಕೆ ಬಾರದೇನೋ ಎಂಬಂತೆ ಮಸುಕಾಗಿ ಕಾಣುತ್ತದೆ. ಆ ಮಸುಕಾದ ಆಯ್ಕೆಯನ್ನು ಒತ್ತಿದರೆ ಮಾತ್ರ, ಜೊತೆಗೆ ಬರಲಿರುವ ಟೂಲ್‌ಬಾರ್, ಹುಡುಕಾಟದ ಪುಟ, ‘ಪಿಸಿ ಕ್ಲೀನರ್’ ಮುಂತಾದವುಗಳ ಪಟ್ಟಿ ಸಿಗುತ್ತದೆ ಮತ್ತು ಅವುಗಳ ಗುರುತು ತೆಗೆಯಬಹುದು. ನಾವು ‘ನೆಕ್ಸ್ಟ್, ನೆಕ್ಸ್ಟ್’ ಎಂದು ಒತ್ತುತ್ತಾ ಹೋಗುತ್ತೇವೆ. ಇದು ನಿಮ್ಮ ಅಜಾಗರೂಕತೆ ಎಂದು ನಾನು ಹೇಳುವುದಿಲ್ಲ. ಒತ್ತಲೆಂದೇ ಆ ಪರದೆಯನ್ನು ಹಾಗೆ ರಚಿಸಿರುತ್ತಾರೆ.

ಈಗ ತೆಗೆಯುವ ಕ್ರಮಕ್ಕೆ ಬರೋಣ. ಮೊದಲು ಸೊಸೈಟಿಯ ಮತ್ತು ಸಮಿತಿಯ ಕಡತಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ಬಳಿಕ ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ಸ್’ ವಿಭಾಗಕ್ಕೆ ಹೋಗಿ, ಸ್ಥಾಪನೆಯಾದ ತಂತ್ರಾಂಶಗಳ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ ನೋಡಿ. ಹೆಸರಿನಿಂದ ಗುರುತಿಸುವುದಕ್ಕಿಂತ ದಿನಾಂಕದಿಂದ ಗುರುತಿಸುವುದು ಸುಲಭ, ಏಕೆಂದರೆ ತೊಂದರೆ ಶುರುವಾದ ದಿನವೇ ನೀವು ಹಾಕಿಕೊಂಡದ್ದು ಒಂದು ತಂತ್ರಾಂಶವಾದರೆ ಪಟ್ಟಿಯಲ್ಲಿ ಅದೇ ದಿನಾಂಕದ ಮೂರು ನಾಲ್ಕು ಇರುತ್ತವೆ. ಅವನ್ನೆಲ್ಲ ಅನ್‌ಇನ್‌ಸ್ಟಾಲ್ ಮಾಡಿ. ಆಗ ಬರುವ ‘ನಿಜವಾಗಿಯೂ ತೆಗೆಯಬೇಕೇ, ಉಳಿಸಿಕೊಳ್ಳುವಿರಾ’ ಎಂಬ ಪರದೆಗಳನ್ನು ನಿಧಾನವಾಗಿ ಓದಿ ಮುಂದುವರಿಯಿರಿ; ಅಲ್ಲಿಯೂ ಉಳಿಸಿಕೊಳ್ಳುವ ಗುಂಡಿಯೇ ದೊಡ್ಡದಾಗಿರುತ್ತದೆ.

ಎರಡನೆಯದು ಬ್ರೌಸರ್. ಕ್ರೋಮ್‌ನ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಪುಟದಲ್ಲಿ ನೀವು ಹಾಕಿಕೊಳ್ಳದೆ ಇರುವುದನ್ನೆಲ್ಲ ತೆಗೆದುಹಾಕಿ, ನಂತರ ಸೆಟ್ಟಿಂಗ್ಸ್‌ನಲ್ಲಿರುವ ‘ರೀಸೆಟ್ ಸೆಟ್ಟಿಂಗ್ಸ್’ ಒತ್ತಿ. ಇದರಿಂದ ಮುಖಪುಟವೂ ಹುಡುಕಾಟದ ಆಯ್ಕೆಯೂ ಮೂಲ ಸ್ಥಿತಿಗೆ ಬರುತ್ತವೆ, ಬುಕ್‌ಮಾರ್ಕ್‌ಗಳೂ ಉಳಿಸಿಟ್ಟ ಪಾಸ್‌ವರ್ಡ್‌ಗಳೂ ಹೋಗುವುದಿಲ್ಲ. ಎಡ್ಜ್‌ನಲ್ಲಿಯೂ ಇದೇ ಅನುಕೂಲವಿದೆ. ಫೈರ್‌ಫಾಕ್ಸ್‌ನಲ್ಲಿ ಅದಕ್ಕೆ ‘ರಿಫ್ರೆಶ್’ ಎಂಬ ಹೆಸರು.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ, ಹೈಜಾಕರ್ ಮರಳುವುದೂ ಇಲ್ಲಿಂದಲೇ. ಡೆಸ್ಕ್‌ಟಾಪಿನಲ್ಲಿರುವ ಕ್ರೋಮ್‌ನ ಚಿಹ್ನೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’ ತೆರೆದು, ‘ಟಾರ್ಗೆಟ್’ ಎಂಬ ಚೌಕದಲ್ಲಿರುವ ಸಾಲನ್ನು ಕೊನೆಯವರೆಗೆ ಓದಿ. ಅದು ‘ಕ್ರೋಮ್ ಡಾಟ್ ಇಎಕ್ಸ್‌ಇ’ ಎಂಬಲ್ಲಿಗೆ, ಉದ್ಧರಣ ಚಿಹ್ನೆಯೊಂದಿಗೆ ಮುಗಿಯಬೇಕು. ಅದರಾಚೆಗೆ ಒಂದು ಜಾಲತಾಣದ ವಿಳಾಸ ಅಂಟಿಕೊಂಡಿದ್ದರೆ, ನೀವು ಒಳಗೆ ಎಷ್ಟು ಸಲ ರೀಸೆಟ್ ಮಾಡಿದರೂ ಆ ಚಿಹ್ನೆಯನ್ನು ಒತ್ತಿದಾಗಲೆಲ್ಲ ಅದೇ ಪುಟ ತೆರೆಯುತ್ತದೆ. ಅಂಥ ಚಿಹ್ನೆಯನ್ನು ಅಳಿಸಿ, ಸ್ಟಾರ್ಟ್ ಮೆನುವಿನಿಂದ ಹೊಸದನ್ನು ಮಾಡಿಕೊಳ್ಳಿ. ಟಾಸ್ಕ್‌ಬಾರಿನಲ್ಲಿ ಇರುವುದನ್ನೂ ಹಾಗೆಯೇ ಪರೀಕ್ಷಿಸಿ.

ಇನ್ನೊಂದು ಅಡಗುತಾಣ ‘ಟಾಸ್ಕ್ ಶೆಡ್ಯೂಲರ್’, ಎಂದರೆ ನಿಗದಿಪಡಿಸಿದ ಕೆಲಸಗಳನ್ನು ತಾನಾಗಿಯೇ ನಡೆಸುವ ವಿಂಡೋಸ್‌ನ ಸಾಧನ. ಕೆಲವು ವರ್ಷಗಳ ಹಿಂದೆ ಚೆಂಬೂರಿನ ಉಡುಪಿ ಹೋಟೆಲೊಂದರ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಇದೇ ತೊಂದರೆಯನ್ನು ಸರಿಪಡಿಸಿ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಯೇ ಕಾಫಿ ಕುಡಿದು ಮನೆಗೆ ಬಂದಿದ್ದೆ. ಮರುದಿನ ಬೆಳಿಗ್ಗೆ ಏಳಕ್ಕೆ ಮಾಲೀಕರ ಫೋನು: ‘ಅದು ಪುನಃ ಬಂತು ಮಾರಾಯ್ರೇ.’ ಹೋಗಿ ನೋಡಿದರೆ, ಪ್ರತಿಸಲ ಲಾಗಿನ್ ಆದಾಗಲೂ ನಡೆಯಬೇಕೆಂದು ಶೆಡ್ಯೂಲರಿನಲ್ಲಿ ಒಂದು ಕೆಲಸ ನಿಗದಿಯಾಗಿತ್ತು. ಅದರ ಹೆಸರು ಯಾವುದೋ ಪರಿಚಿತ ತಂತ್ರಾಂಶದ ‘ಅಪ್‌ಡೇಟ್’ ಎಂಬಂತಿತ್ತು, ಆದರೆ ‘ಆ್ಯಕ್ಷನ್ಸ್’ ಎಂಬ ಪುಟದಲ್ಲಿ ಅದು ತೋರಿಸುತ್ತಿದ್ದ ಕಡತ ‘ಆ್ಯಪ್‌ಡೇಟಾ’ ಫೋಲ್ಡರಿನ ಒಳಗೆ, ಅರ್ಥವಿಲ್ಲದ ಅಕ್ಷರಗಳ ಹೆಸರಿನಲ್ಲಿ ಇತ್ತು. ನೀವೂ ಹೆಸರನ್ನು ನಂಬದೆ ಆ ಪುಟವನ್ನೇ ನೋಡಿ. ಸಂಶಯ ಬಂದುದನ್ನು ಅಳಿಸುವ ಬದಲು ‘ಡಿಸೇಬಲ್’ ಮಾಡಿದರೆ, ತಪ್ಪಿದ್ದರೆ ತಿದ್ದಿಕೊಳ್ಳಲು ಅವಕಾಶ ಉಳಿಯುತ್ತದೆ.

ಕ್ರೋಮ್‌ನ ಮೆನುವಿನ ಕೊನೆಯಲ್ಲಿ ‘ನಿಮ್ಮ ಸಂಸ್ಥೆ ಇದನ್ನು ನಿರ್ವಹಿಸುತ್ತಿದೆ’ ಎಂಬರ್ಥದ ಇಂಗ್ಲಿಷ್ ಸಾಲು ಇದೆಯೇ ಎಂಬುದನ್ನೂ ಗಮನಿಸಿ. ಕಚೇರಿಯ ಕಂಪ್ಯೂಟರಿನಲ್ಲಿ ಅದು ಸಹಜ. ಮನೆಯ ಕಂಪ್ಯೂಟರಿನಲ್ಲಿ ಕಂಡರೆ, ಕಚೇರಿಗಳಿಗೆಂದು ಇರುವ ‘ಪಾಲಿಸಿ’ ಎಂಬ ಸೌಲಭ್ಯವನ್ನು ಬಳಸಿ ಹೈಜಾಕರ್ ತನ್ನ ಎಕ್ಸ್‌ಟೆನ್ಶನ್ನನ್ನು ತೆಗೆಯಲಾಗದಂತೆ ಬಿಗಿದಿರುವ ಸಾಧ್ಯತೆ ಇದೆ. ಕೆಲವು ಆ್ಯಂಟಿವೈರಸ್‌ಗಳೂ ಇಂಥ ಪಾಲಿಸಿ ಹಾಕುವುದುಂಟು, ಆದ್ದರಿಂದ ಸಾಲು ಕಂಡ ಕೂಡಲೇ ಗಾಬರಿ ಬೇಡ. ಇದಕ್ಕಾಗಿ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಗೆ ನೀವೇ ಕೈ ಹಾಕುವುದಕ್ಕಿಂತ ‘ಆ್ಯಡ್‌ಡಬ್ಲ್ಯುಕ್ಲೀನರ್’ ಎಂಬ ಉಚಿತ ಸಾಧನವನ್ನು ಬಳಸುವುದು ಮೇಲು. 2016ರಿಂದ ಇದು ಮಾಲ್‌ವೇರ್‌ಬೈಟ್ಸ್ ಸಂಸ್ಥೆಯದಾಗಿದೆ. ಅವರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ, ಏಕೆಂದರೆ ಇದೇ ಹೆಸರನ್ನಿಟ್ಟುಕೊಂಡ ನಕಲಿಗಳು ಇವೆ. ಇದನ್ನು ಸ್ಥಾಪಿಸಬೇಕಾಗಿಲ್ಲ, ತೆರೆದು ‘ಸ್ಕ್ಯಾನ್’ ಒತ್ತಿದರೆ ಸಾಕು. ಸಿಕ್ಕಿದ್ದರ ಪಟ್ಟಿಯನ್ನು ಓದಿ, ‘ಕ್ವಾರಂಟೈನ್’ ಮಾಡಿ (ಅಂದರೆ ಕೆಲಸ ಮಾಡದಂತೆ ಬೇರ್ಪಡಿಸಿಡಿ), ಕಂಪ್ಯೂಟರನ್ನು ಮತ್ತೆ ಆರಂಭಿಸಿ. ಕೊನೆಗೆ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಯ್ಕೆಗಳಲ್ಲಿರುವ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನನ್ನು ಒಮ್ಮೆ ನಡೆಸಿ. ವಿಂಡೋಸ್ ಪೂರ್ತಿ ಏಳುವ ಮೊದಲೇ ಅದು ಹುಡುಕುವುದರಿಂದ ಅಡಗಿದ್ದಕ್ಕೆ ತಪ್ಪಿಸಿಕೊಳ್ಳುವುದು ಕಷ್ಟ; ಸುಮಾರು 15 ನಿಮಿಷ ಹಿಡಿಯುತ್ತದೆ.

ಇಷ್ಟಾದ ಮೇಲೂ ಎಕ್ಸ್‌ಟೆನ್ಶನ್ ಮರಳಿದರೆ ಕ್ರೋಮ್‌ನ ‘ಸಿಂಕ್’ ನೋಡಿ; ಒಂದೇ ಖಾತೆಯ ಎಲ್ಲ ಸಾಧನಗಳಲ್ಲಿ ಬ್ರೌಸರನ್ನು ಒಂದೇ ತೆರನಾಗಿ ಇಡುವ ಸೌಲಭ್ಯ ಅದು. ಅದೇ ಗೂಗಲ್ ಖಾತೆಯಿಂದ ಇನ್ನೊಂದು ಕಂಪ್ಯೂಟರಿನಲ್ಲಿ, ಪುಣೆಯಲ್ಲಿರುವ ಮಗಳ ಲ್ಯಾಪ್‌ಟಾಪಿನಲ್ಲಿ ಎನ್ನಿ, ನೀವು ಲಾಗಿನ್ ಆಗಿದ್ದರೆ ಇಲ್ಲಿ ತೆಗೆದದ್ದು ಅಲ್ಲಿಂದ ಬರುತ್ತದೆ. ಸಿಂಕ್ ನಿಲ್ಲಿಸಿ, ಎರಡನ್ನೂ ಶುಚಿ ಮಾಡಿ, ಆಮೇಲೆ ಮತ್ತೆ ಆರಂಭಿಸಿ.

ನೆಟ್‌ಬ್ಯಾಂಕಿಂಗ್ ಬಗೆಗಿನ ನಿಮ್ಮ ಸಂಶಯ ಸಕಾರಣವಾದದ್ದು. ಜಾಹೀರಾತು ತಂತ್ರಾಂಶ ಬರಿಯ ಕಿರಿಕಿರಿ ಎಂದು ತಳ್ಳಿಹಾಕುವವರಿಗೆ ನಾನು ಸೂಪರ್‌ಫಿಶ್ ಪ್ರಕರಣವನ್ನು ಹೇಳುತ್ತೇನೆ. 2014ರಲ್ಲಿ ಲೆನೊವೊ ಸಂಸ್ಥೆಯ ಕೆಲವು ಲ್ಯಾಪ್‌ಟಾಪುಗಳಲ್ಲಿ ಕಾರ್ಖಾನೆಯಿಂದಲೇ ಬಂದಿದ್ದ ಈ ಜಾಹೀರಾತು ತಂತ್ರಾಂಶವು, ಬೀಗದ ಗುರುತಿರುವ ಸುರಕ್ಷಿತ ಪುಟಗಳೊಳಗೂ ಜಾಹೀರಾತು ತೂರಿಸಲೆಂದು ತನ್ನದೇ ಪ್ರಮಾಣಪತ್ರವನ್ನು (ತಾಣ ಅಸಲಿಯೆಂದು ಬ್ರೌಸರಿಗೆ ಖಾತ್ರಿ ಕೊಡುವ ದಾಖಲೆ) ವಿಂಡೋಸಿನಲ್ಲಿ ಸೇರಿಸುತ್ತಿತ್ತು. ಎಲ್ಲ ಲ್ಯಾಪ್‌ಟಾಪುಗಳಲ್ಲಿಯೂ ಆ ಪ್ರಮಾಣಪತ್ರದ ಗುಪ್ತ ಕೀಲಿ ಒಂದೇ ಆಗಿದ್ದುದರಿಂದ, ಅದನ್ನು ಬಿಡಿಸಿಕೊಂಡ ಯಾರು ಬೇಕಾದರೂ ಬ್ಯಾಂಕಿನ ನಕಲಿ ಪುಟವನ್ನು ಅಸಲಿಯೆಂದು ತೋರಿಸಬಹುದಿತ್ತು. 2015ರ ಫೆಬ್ರುವರಿಯಲ್ಲಿ ಇದು ಬಯಲಾಗಿ, 2017ರಲ್ಲಿ ಅಮೆರಿಕದಲ್ಲಿ ಆ ಸಂಸ್ಥೆ 35 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ಆದ್ದರಿಂದ ಕಂಪ್ಯೂಟರ್ ಶುಚಿಯಾಗುವವರೆಗೆ ಅದರಲ್ಲಿ ಬ್ಯಾಂಕಿನ ಕೆಲಸ ಬೇಡ. ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ, ಉದಾಹರಣೆಗೆ ನಿಮ್ಮ ಫೋನಿನಿಂದ, ಬದಲಾಯಿಸಿ. ಸೋಂಕಿರುವ ಕಂಪ್ಯೂಟರಿನಲ್ಲೇ ಬದಲಾಯಿಸಿದರೆ ಹೊಸದೂ ಹಳೆಯದರ ಪಾಡನ್ನೇ ಕಾಣಬಹುದು.

ಇದೆಲ್ಲವೂ ವಿಫಲವಾದರೆ ವಿಂಡೋಸ್‌ನ ‘ರೀಸೆಟ್ ದಿಸ್ ಪಿಸಿ’ಯಲ್ಲಿ ಕಡತಗಳನ್ನು ಉಳಿಸಿಕೊಳ್ಳುವ ಆಯ್ಕೆ ಇದೆ. ಸ್ಥಾಪಿಸಿದ ತಂತ್ರಾಂಶಗಳು ಹೋಗುತ್ತವೆ, ನಿಮ್ಮ ಲೆಕ್ಕಪತ್ರ ಉಳಿಯುತ್ತದೆ. ಅಂಗಡಿಗೆ ಹೋಗುವ ಅಗತ್ಯ ಅದಕ್ಕೂ ಇಲ್ಲ.

ಪ್ರಶ್ನೆ: ನನ್ನ ಕಂಪ್ಯೂಟರಿನ ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ, ಇಂದೇ ನವೀಕರಿಸಿ’ ಎಂಬ ಎಚ್ಚರಿಕೆ, ಹೆಸರಾಂತ ಆ್ಯಂಟಿವೈರಸ್‌ನ ಚಿಹ್ನೆಯೊಂದಿಗೆ ಪದೇಪದೇ ಬರುತ್ತದೆ. ಆ ಆ್ಯಂಟಿವೈರಸ್ ನನ್ನಲ್ಲಿ ಇಲ್ಲವೇ ಇಲ್ಲ. ಸ್ಕ್ಯಾನ್ ಮಾಡಿದರೆ ಏನೂ ಸಿಗುವುದಿಲ್ಲ.
– ಗೃಹಿಣಿಯೊಬ್ಬರು, ಮಾಟುಂಗಾ

ಉತ್ತರ: ಏನೂ ಸಿಗದಿರುವುದು ಸರಿಯಾಗಿಯೇ ಇದೆ, ಏಕೆಂದರೆ ನಿಮ್ಮ ಕಂಪ್ಯೂಟರಿನಲ್ಲಿ ಕೆಟ್ಟ ತಂತ್ರಾಂಶ ಬಹುಶಃ ಇಲ್ಲ. ಅಡುಗೆಯ ವಿಧಾನವನ್ನೋ ಧಾರಾವಾಹಿಯ ಸಂಚಿಕೆಯನ್ನೋ ಹುಡುಕುವಾಗ ಯಾವುದೋ ತಾಣ ‘ಮುಂದುವರಿಯಲು ಅಲೌ ಒತ್ತಿ’ ಎಂದು ಕೇಳಿರುತ್ತದೆ. ನೀವು ಕೊಟ್ಟ ಆ ಒಪ್ಪಿಗೆ, ನಿಮಗೆ ನೋಟಿಫಿಕೇಶನ್ ಕಳುಹಿಸಲು ಆ ತಾಣಕ್ಕೆ ಸಿಕ್ಕ ಪರವಾನಗಿ. ಎಚ್ಚರಿಕೆಯನ್ನು ಮತ್ತೆ ಬಂದಾಗ ಒತ್ತದೆ, ಅದರಲ್ಲಿರುವ ಸಣ್ಣ ಅಕ್ಷರಗಳನ್ನು ಓದಿ: ಬ್ರೌಸರಿನ ಹೆಸರೂ ಒಂದು ಜಾಲತಾಣದ ವಿಳಾಸವೂ ಅಲ್ಲಿ ಕಾಣುತ್ತವೆ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’, ಅದರೊಳಗೆ ‘ಸೈಟ್ ಸೆಟ್ಟಿಂಗ್ಸ್’, ಅದರೊಳಗೆ ‘ನೋಟಿಫಿಕೇಶನ್ಸ್’ ತೆರೆದು, ಅನುಮತಿ ಪಡೆದ ತಾಣಗಳ ಪಟ್ಟಿಯಿಂದ ಆ ವಿಳಾಸವನ್ನು ತೆಗೆದುಹಾಕಿ. ಯಾವ ತಾಣವೂ ಅನುಮತಿ ಕೇಳದಂತೆ ಮಾಡುವ ಆಯ್ಕೆಯೂ ಅಲ್ಲಿಯೇ ಇದೆ. ಅದನ್ನು ಬಳಸಿಬಿಡುವುದು ನನ್ನ ಸಲಹೆ. ಬ್ರೌಸರ್ ಮುಚ್ಚಿದ ಮೇಲೂ ಎಚ್ಚರಿಕೆ ಬರುತ್ತಿದ್ದರೆ, ‘ಸಿಸ್ಟಮ್’ ವಿಭಾಗದಲ್ಲಿ ಕ್ರೋಮ್ ಹಿನ್ನೆಲೆಯಲ್ಲಿ ನಡೆಯುವುದನ್ನು ನಿಲ್ಲಿಸಿ.

ಪ್ರಶ್ನೆ: ಮೊನ್ನೆ ಪರದೆಯ ತುಂಬ ಕೆಂಪು ಎಚ್ಚರಿಕೆ ಬಂದು, ಸೈರನ್ ಕೂಗತೊಡಗಿತು. ಮೈಕ್ರೋಸಾಫ್ಟ್ ಹೆಸರಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅವರು ಹೇಳಿದ ತಂತ್ರಾಂಶ ಹಾಕಿಕೊಂಡೆ, ಅವರು ನನ್ನ ಕಂಪ್ಯೂಟರನ್ನು ಅರ್ಧ ಗಂಟೆ ನಡೆಸಿದರು. ಹಣ ಕೇಳಿದಾಗ ಫೋನ್ ಇಟ್ಟೆ. ಮುಂದೇನು?
– ಓದುಗರೊಬ್ಬರು, ಠಾಣೆ

ಉತ್ತರ: ಈಗಲೇ ಇಂಟರ್‌ನೆಟ್ ಸಂಪರ್ಕ ತೆಗೆಯಿರಿ, ಅವರು ಹಾಕಿಸಿದ ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿ. ನಿಮ್ಮ ಬ್ಯಾಂಕಿಗೆ ಫೋನ್ ಮಾಡಿ ವಿಷಯ ತಿಳಿಸಿ, ಫೋನಿನಿಂದಲೇ ಪಾಸ್‌ವರ್ಡ್ ಬದಲಾಯಿಸಿ. ಹಣ ಹೋಗಿದ್ದರೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಕ್ಷಣ ಕರೆ ಮಾಡಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ನಾವೇ ವಿವರ ಕೊಟ್ಟು ಮೋಸಹೋದಾಗ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು; ಹಾಗಾಗಿ ಒಂದೊಂದು ಗಂಟೆಗೂ ಬೆಲೆ ಇದೆ. ಅಪರಿಚಿತರು ಅರ್ಧ ಗಂಟೆ ಕೈಯಾಡಿಸಿದ ಕಂಪ್ಯೂಟರ್ ಎಂದಮೇಲೆ, ಮೊದಲ ಓದುಗರಿಗೆ ಬೇಡವೆಂದ ಫಾರ್ಮ್ಯಾಟನ್ನು ನಿಮಗೆ ನಾನು ಮಾಡಿಸಿ ಎಂದೇ ಹೇಳುತ್ತೇನೆ.

ಅಂಥ ಪರದೆ ಮತ್ತೆ ಬಂದರೆ ತಿಳಿದಿರಲಿ: ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಅದು ಪರದೆಯ ತುಂಬ ಹರಡಿದ ಒಂದು ಜಾಲಪುಟ, ಅಷ್ಟೇ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಬ್ರೌಸರನ್ನು ಆರಿಸಿ ‘ಎಂಡ್ ಟಾಸ್ಕ್’ ಒತ್ತಿ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ಮರಳಿ ತರಬೇಕೇ ಎಂದು ಕೇಳಿದರೆ ಬೇಡವೆನ್ನಿ.

ಪ್ರಶ್ನೆ: ಕಲೀನಾದಲ್ಲಿ ಕನ್ನಡ ಎಂ.ಎ. ಓದುತ್ತಿದ್ದೇನೆ. ಕನ್ನಡ ಟೈಪಿಂಗ್‌ಗೆ ಯಾವ ತಾಣದಿಂದ ತಂತ್ರಾಂಶ ಇಳಿಸಿಕೊಂಡರೆ ಸುರಕ್ಷಿತ?
– ವಿದ್ಯಾರ್ಥಿನಿ, ಮುಂಬಯಿ

ಉತ್ತರ: ಹೊಸ ಬರವಣಿಗೆಗಾದರೆ ಯಾವುದನ್ನೂ ಇಳಿಸಿಕೊಳ್ಳಬೇಕಾಗಿಲ್ಲ. 2019ರ ಮೇ ತಿಂಗಳ ಆವೃತ್ತಿಯಿಂದ ವಿಂಡೋಸ್ 10ರಲ್ಲಿಯೂ, ಈಗ ವಿಂಡೋಸ್ 11ರಲ್ಲಿಯೂ, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಫೊನೆಟಿಕ್ ಕೀಲಿಮಣೆ ಸೇರಿದೆ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಕಡತಗಳನ್ನು ತೆರೆಯುವುದಿದ್ದರೆ ಮಾತ್ರ ಕನ್ನಡ ಗಣಕ ಪರಿಷತ್ತಿನ ಸ್ವಂತ ತಾಣಕ್ಕೆ ಹೋಗಿ, ಹುಡುಕಾಟದಲ್ಲಿ ಮೊದಲು ಕಾಣುವ ಜಾಹೀರಾತು ಕೊಂಡಿಗೆ ಹೋಗಬೇಡಿ. ಸೆಟ್ಟಿಂಗ್ಸ್‌ನ ‘ಟೈಮ್ ಆ್ಯಂಡ್ ಲ್ಯಾಂಗ್ವೇಜ್’ನಲ್ಲಿ ಕನ್ನಡವನ್ನು ಸೇರಿಸಿ, ಅದರ ಆಯ್ಕೆಗಳಲ್ಲಿ ಫೊನೆಟಿಕ್ ಕೀಲಿಮಣೆಯನ್ನು ಆರಿಸಿಕೊಳ್ಳಿ. ಆಮೇಲೆ ವಿಂಡೋಸ್ ಕೀಲಿಯನ್ನು ಹಿಡಿದು ಸ್ಪೇಸ್‌ಬಾರ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ, ಮತ್ತೆ ಒತ್ತಿದರೆ ಕನ್ನಡದಿಂದ ಇಂಗ್ಲಿಷಿಗೆ ಬದಲಾಗುತ್ತದೆ.