ಬಿಟ್ಟ ಐಸೊಪಾಡ್‌ಗಳು ಎಲ್ಲಿ ಹೋದವು?

ಪ್ರಶ್ನೆ: ಮರಗಪ್ಪೆ ಇರುವ ಟೆರೇರಿಯಂಗೆ (ಮಣ್ಣು, ಗಿಡ ಹಾಕಿದ ಗಾಜಿನ ಪೆಟ್ಟಿಗೆ) ಒಂದು ತಿಂಗಳ ಹಿಂದೆ ಡ್ವಾರ್ಫ್ ವೈಟ್ ಐಸೊಪಾಡ್‌ಗಳನ್ನು (ಕೊಳೆತದ್ದು, ಬೂಷ್ಟು ತಿಂದು ಸ್ವಚ್ಛ ಮಾಡುವ ಪುಟ್ಟ ಬಿಳಿ ಜೀವಿಗಳು) ಬಿಟ್ಟೆ. ಈಗ ಒಂದೂ ಕಾಣುತ್ತಿಲ್ಲ. ಕಟ್ಟಿಗೆ ಮೇಲಿನ ಬೂಷ್ಟೂ ಹಾಗೇ ಇದೆ. ಎಲ್ಲ ಸತ್ತುಹೋದವಾ? ಮತ್ತೆ ತಂದು ಬಿಡಲಾ?

ಉತ್ತರ: ಈಗಲೇ ತರಬೇಡಿ. ಕಣ್ಣಿಗೆ ಬೀಳದಿರುವುದು ಡ್ವಾರ್ಫ್ ವೈಟ್‌ನ ಸ್ವಭಾವ. ಕೆಲವೇ ಮಿಲಿಮೀಟರ್ ಉದ್ದದ ಜೀವಿ, ಬೆಳಕು ಬಿದ್ದರೆ ಮಣ್ಣಿಗೆ ಇಳಿದುಬಿಡುತ್ತದೆ. ಕಪ್ಪೆಯ ಬಾಯಿಗೆ ಎಲ್ಲವೂ ಸಿಗದೆ ಉಳಿಯುವುದು ಇದರಿಂದಲೇ. ರಾತ್ರಿ ತರಗೆಲೆಯ ಕೆಳಗೆ ಒಂದು ಚೂರು ಸೌತೆಕಾಯಿ ಇಡಿ. ಬೆಳಗ್ಗೆ ಮೆಲ್ಲಗೆ ಎತ್ತಿ ಅಡಿಭಾಗ ನೋಡಿ. ನಾಲ್ಕೈದು ಕಂಡರೂ ಸಾಕು. ಈ ಜಾತಿಯ ಹೆಣ್ಣು ಗಂಡಿಲ್ಲದೆಯೇ ಮರಿ ಮಾಡುತ್ತದೆ.

ಕೆಲವು ರಾತ್ರಿ ಇಟ್ಟರೂ ಒಂದೂ ಸಿಗಲಿಲ್ಲವೇ? ಹಾಗಾದರೆ ತೇವ ನೋಡಿ. ಐಸೊಪಾಡ್ ಕೀಟವಲ್ಲ, ಏಡಿ ಸೀಗಡಿಗಳ ನೆಂಟ. ಹೊಟ್ಟೆಯಡಿ ಇರುವ ಕಿವಿರಿನಂಥ ಅಂಗಗಳಿಂದ ಉಸಿರಾಡುತ್ತದೆ. ಅವು ಒಣಗಿದರೆ ಬದುಕುವುದಿಲ್ಲ. ಹಾಗಂತ ಮಣ್ಣನ್ನೆಲ್ಲ ಕೆಸರು ಮಾಡಿದರೂ ಉಸಿರು ಕಟ್ಟುತ್ತದೆ. ಒಂದು ಮೂಲೆಗೆ ಪಾಚಿ (ಮಾಸ್) ಹಾಸಿ ಸದಾ ಒದ್ದೆ ಇಡಿ, ಎದುರಿನ ಬದಿ ಸ್ವಲ್ಪ ಒಣಗಲಿ. ಬೇಕಾದ ಕಡೆಗೆ ಅವೇ ಹೋಗುತ್ತವೆ.

ಆಮೇಲೆ ಊಟ. ಕಪ್ಪೆಯ ಹಿಕ್ಕೆ ತಿಂದುಕೊಂಡು ಇರುತ್ತವೆ ಎಂದು ಎಷ್ಟೋ ಜನ ಸುಮ್ನೆ ಬಿಟ್ಟುಬಿಡುತ್ತಾರೆ. ನನಗೆ ಬೇಸರ ತರಿಸುವುದು ಇದೇ. ಇವೂ ನಾವು ಸಾಕಿದ ಪ್ರಾಣಿಗಳೇ ಅಲ್ವಾ? ಅವುಗಳ ಮುಖ್ಯ ಆಹಾರ ಕೊಳೆಯುವ ಎಲೆ ಮತ್ತು ಮೆತ್ತಗಾದ ಕಟ್ಟಿಗೆ. ಕೀಟನಾಶಕ ಸೋಕದ ಒಣ ತರಗೆಲೆಯನ್ನು ಎರಡು ಬೆರಳು ದಪ್ಪ ಹಾಸಿ. ನರಗಳಷ್ಟೇ ಉಳಿದಾಗ ಮತ್ತೆ ಹಾಕಿ. ಚಿಪ್ಪು ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕು, ತೊಳೆದು ಒಣಗಿಸಿದ ಮೊಟ್ಟೆಚಿಪ್ಪಿನ ಪುಡಿ ಉದುರಿಸಿದರೆ ಆಯಿತು. ಇವು ಪೊರೆಯನ್ನು ಒಂದೇ ಸಲ ಬಿಡುವುದಿಲ್ಲ, ಮೊದಲು ಹಿಂದಿನ ಅರ್ಧ, ಆಮೇಲೆ ಮುಂದಿನದು. ಬಿಟ್ಟ ಪೊರೆಯನ್ನೂ ಎಷ್ಟೋ ಸಲ ತಿಂದುಬಿಡುತ್ತವೆ. ಕ್ಯಾಲ್ಸಿಯಂ ಅಷ್ಟು ಮುಖ್ಯ.

ಬೂಷ್ಟಿಗೆ ಗಾಬರಿ ಬೇಡ. ಹೊಸ ಕಟ್ಟಿಗೆ ಮೇಲೆ ಮೊದಲ ವಾರಗಳಲ್ಲಿ ಅದು ಬರುವುದು ಮಾಮೂಲು, ಹೆಚ್ಚಾಗಿ ತಾನೇ ಇಳಿಯುತ್ತದೆ. ಬೂಷ್ಟು ತಿನ್ನುವುದರಲ್ಲಿ ಸ್ಪ್ರಿಂಗ್‌ಟೈಲ್ ಎಂಬ, ಮಣ್ಣಿನಲ್ಲಿರುವ ಪುಟಾಣಿ ಜೀವಿಗಳದೇ ಮೇಲುಗೈ, ಅವನ್ನು ಜೊತೆಗೆ ಬಿಡಿ. ಶಿಲೀಂಧ್ರನಾಶಕ ಮಾತ್ರ ಸಿಂಪಡಿಸಬೇಡಿ. ಚರ್ಮದಿಂದಲೂ ಉಸಿರಾಡುವ ಕಪ್ಪೆಗೆ ಅದು ಅಪಾಯ.

ತೇವ, ತರಗೆಲೆ ಎರಡೂ ಸರಿಯಾದ ಮೇಲೂ ಸೌತೆಕಾಯಿಯಡಿ ಏನೂ ಕಾಣದಿದ್ದರೆ ಹೊಸದಾಗಿ ತನ್ನಿ. ತಂದದ್ದರಲ್ಲಿ ಅರ್ಧವನ್ನು ಗಾಳಿಯಾಡುವ ಬೇರೆ ಡಬ್ಬಿಯಲ್ಲಿ ಸಾಕಿ. ಕಪ್ಪೆ ಎಷ್ಟು ತಿಂದರೂ ಅಲ್ಲಿಂದ ತುಂಬಿಸಬಹುದು.