ಸಡಿಲ ಮಣ್ಣಿನ ತಿರುವಿನಲ್ಲಿ ಡರ್ಟ್ ಬೈಕಿನ ಮುಂದಿನ ಗಾಲಿ ಜಾರುವುದೇಕೆ?

ವಿಜಯಪುರದ ಸುತ್ತಲಿನ ಹೊಲದ ದಾರಿಗಳಲ್ಲಿ ಬೇಸಿಗೆಗೆ ಎರೆಮಣ್ಣು ಒಡೆದು ಹುಡಿಯಾಗಿರುತ್ತದೆ. ಅಲ್ಲಿ ಡರ್ಟ್ ಬೈಕಿನ, ಅಂದರೆ ಮಣ್ಣುದಾರಿಗೆಂದೇ ಮಾಡಿದ ಬೈಕಿನ, ಮುಂದಿನ ಗಾಲಿ ಜಾರಲು ಮುಖ್ಯ ಕಾರಣ ಸೀಟಿನ ಹಿಂಭಾಗದಲ್ಲಿ ಕೂರುವುದು. ಮುಂದಿನ ಗಾಲಿಯ ಮೇಲೆ ಭಾರವೇ ಬೀಳದಿದ್ದರೆ ಹಿಡಿತ ಎಲ್ಲಿಂದ ಬರಬೇಕು?

ಬ್ರೇಕ್ ಕೆಲಸವನ್ನು ತಿರುವಿಗೆ ಮುಂಚೆಯೇ, ಬೈಕ್ ನೆಟ್ಟಗಿರುವಾಗ, ನಿಂತುಕೊಂಡೇ ಮುಗಿಸಿ. ಆಮೇಲೆ ಟ್ಯಾಂಕಿಗೆ ಒತ್ತಿ ಕುಳಿತು, ಒಳಬದಿಯ ಕಾಲನ್ನು ಮುಂದಿನ ಆಕ್ಸಲ್ (ಗಾಲಿಯ ನಡುವಿನ ಅಚ್ಚು) ಕಡೆಗೆ ಚಾಚಿ, ಕಾಲ್ಬೆರಳು ಮೇಲಕ್ಕಿರಲಿ. ಪಾದವನ್ನು ಹಿಂದೆ ನೆಲಕ್ಕೆ ಊರಿದರೆ ಮೊಣಕಾಲು ತಿರುಚಿಕೊಳ್ಳುತ್ತದೆ; ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಡಾಂಬರು ರಸ್ತೆಯ ರೂಢಿಯಂತೆ ಮೈಯನ್ನು ಒಳಕ್ಕೆ ವಾಲಿಸಬಾರದು. ಬೈಕನ್ನಷ್ಟೇ ವಾಲಿಸಿ: ಸೊಂಟ ಸೀಟಿನ ಹೊರ ಅಂಚಿಗೆ, ಹೊರ ಮೊಣಕೈ ಎತ್ತರಕ್ಕೆ, ಭಾರ ಹೊರಗಿನ ಫುಟ್‌ಪೆಗ್ (ಕಾಲಿಡುವ ಗೂಟ) ಮೇಲೆ. ಆಗಲೇ ಟೈರಿನ ಬದಿಯ ರಬ್ಬರ್ ಉಬ್ಬುಗಳು ಮಣ್ಣನ್ನು ಕಚ್ಚುವುದು. ನೋಟ ತಿರುವಿನ ಕೊನೆಗೆ. ಥ್ರಾಟಲ್ ನಿಧಾನವಾಗಿ ಏರಿಸಿ, ಒಮ್ಮೆಲೇ ತಿರುವಿದರೆ ಹಿಂದಿನ ಗಾಲಿ ಹೊರಕ್ಕೆ ಹೋಗುತ್ತದೆ.

ಟ್ಯೂಬ್ ಇರುವ ಡರ್ಟ್ ಬೈಕ್ ಟೈರಿಗೆ 12–14 ಪಿಎಸ್ಐ ಗಾಳಿ ಸಾಕು. ತೀರಾ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ತೂತಾಗುತ್ತದೆ. ಮಳೆ ಬಿದ್ದ ಎರೆಮಣ್ಣಿನಲ್ಲಿ ಮಾತ್ರ ಇದಾವುದೂ ನಡೆಯದು: ಕೆಸರು ಮಡ್‌ಗಾರ್ಡಿನೊಳಗೆ ತುಂಬಿ ಗಾಲಿಯೇ ನಿಲ್ಲುತ್ತದೆ. ದಾರಿ ಒಣಗುವವರೆಗೆ ಕಾಯಿರಿ.