ಫೈನಲ್‌ನಲ್ಲಿ ಸೋತವರ ಲೆಕ್ಕ ಯಾರು ಇಡುತ್ತಾರೆ?

ಬ್ಯಾಸ್ಕೆಟ್‌ಬಾಲ್‌ನಲ್ಲಿ ಯಾರು ದೊಡ್ಡವರು, ಯಾವ ತಂಡ ದೊಡ್ಡದು ಅಂತ ಕೇಳಿ ಬಂದ ಪತ್ರಗಳಿಗೆ ಈ ಸಲದ ಪುಟ ಪೂರ್ತಿ ಮೀಸಲು.

ಪ್ರಶ್ನೆ: ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಮೈಕೆಲ್ ಜೋರ್ಡನ್ ಆರು ಫೈನಲ್ ಆಡಿ ಆರೂ ಗೆದ್ದರು. ಲೆಬ್ರಾನ್ ಜೇಮ್ಸ್ ಹತ್ತು ಆಡಿ ಗೆದ್ದಿದ್ದು ನಾಲ್ಕೇ. ನಮ್ಮ ಹಾಸ್ಟೆಲ್‌ನಲ್ಲಿ ಇಷ್ಟು ಹೇಳಿದರೆ ವಾದ ಮುಗಿದೇ ಹೋಯಿತು. ನೀವೇನಂತೀರಿ ಸರ್?
— ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ನನಗೂ ಜೋರ್ಡನ್ನೇ ಮೇಲು. ಆದರೆ ನಿಮ್ಮ ಹಾಸ್ಟೆಲ್‌ನವರು ಕೊಡುವ ಕಾರಣ ನಾನು ಒಪ್ಪಲ್ಲ.

1985, 86, 87 — ಮೂರು ವರ್ಷ ಜೋರ್ಡನ್ ಇದ್ದ ಶಿಕಾಗೊ ಬುಲ್ಸ್ ಪ್ಲೇಆಫ್‌ನ (ಸೀಸನ್ ಕೊನೆಯ ನಾಕೌಟ್ ಹಂತ) ಮೊದಲ ಸುತ್ತಲ್ಲೇ ಹೊರಬಿತ್ತು. ಆಮೇಲೆ ಮೂರು ವರ್ಷ ಸತತವಾಗಿ ಡೆಟ್ರಾಯಿಟ್ ಪಿಸ್ಟನ್ಸ್ ಕೈಲಿ ಸೋತಿತು. ಇವು ಯಾವುವೂ ಫೈನಲ್‌ನಲ್ಲಿ ಆದ ಸೋಲಲ್ಲ, ಹಾಗಾಗಿ ಲೆಕ್ಕಕ್ಕೇ ಇಲ್ಲ. ಅದೇ ಲೆಬ್ರಾನ್ 2007ರಲ್ಲಿ, ಇನ್ನೂ 22 ವರ್ಷದ ಹುಡುಗ, ಕ್ಲೀವ್‌ಲ್ಯಾಂಡ್ ತಂಡವನ್ನ ಹೆಚ್ಚುಕಮ್ಮಿ ಒಬ್ಬರೇ ಎಳೆದುಕೊಂಡು ಫೈನಲ್‌ಗೆ ತಂದು ಸ್ಯಾನ್ ಆಂಟೋನಿಯೊ ಎದುರು ಸೋತರಲ್ಲ, ಅದು ಮಾತ್ರ ಕಪ್ಪುಚುಕ್ಕೆ! ಮೊದಲ ಸುತ್ತಲ್ಲೇ ಸೋತು ಮನೆಗೆ ಹೋಗಿದ್ದರೆ ಅವರ ದಾಖಲೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು, ಅಲ್ವಾ? ಮುಂದೆ ಹೋದವನಿಗೆ ದಂಡ ಹಾಕುವ ಲೆಕ್ಕ ಇದು.

ಸೋಲು ಅಂದರೆ ಎಲ್ಲ ಒಂದೇ ಅಲ್ಲ. 2011ರ ಫೈನಲ್‌ನಲ್ಲಿ ಡಲ್ಲಾಸ್ ಎದುರು ಅವರ ಆಗಿನ ತಂಡ ಮಯಾಮಿ ಸೋತಿದ್ದನ್ನ ಲೆಬ್ರಾನ್ ತಲೆಗೇ ಕಟ್ಟಬೇಕು. ನಾಲ್ಕನೇ ಪಂದ್ಯದಲ್ಲಿ ಬರೀ 8 ಪಾಯಿಂಟ್ ಹಾಕಿದರು, ಕೊನೆಯ ನಿಮಿಷಗಳಲ್ಲಿ ಬಾಲ್ ಬೇಡ ಅನ್ನುವ ಹಾಗೆ ಆಡಿದರು. 2015 ಹಾಗಲ್ಲ. ಆಗ ಮತ್ತೆ ಕ್ಲೀವ್‌ಲ್ಯಾಂಡ್‌ನಲ್ಲಿದ್ದರು; ಜೊತೆ ಆಟಗಾರ ಕೆವಿನ್ ಲವ್ ಮೊದಲ ಸುತ್ತಲ್ಲೇ ಗಾಯಗೊಂಡಿದ್ದರು, ಕೈರಿ ಅರ್ವಿಂಗ್ ಫೈನಲ್‌ನ ಮೊದಲ ಪಂದ್ಯದಲ್ಲೇ ಮಂಡಿ ಪೆಟ್ಟು ಮಾಡಿಕೊಂಡರು, ಅಂಥ ತಂಡ ಕಟ್ಟಿಕೊಂಡು ಗೋಲ್ಡನ್ ಸ್ಟೇಟ್ ಎದುರು ಪಂದ್ಯಕ್ಕೆ ಸರಾಸರಿ 35.8 ಪಾಯಿಂಟ್ ಹಾಕಿ ಎರಡು ಪಂದ್ಯ ಗೆದ್ದಿದ್ದನ್ನ ನಾನಂತೂ ಅವರ ದೊಡ್ಡ ಸಾಧನೆಗಳ ಸಾಲಲ್ಲೇ ಇಡುತ್ತೇನೆ.

ಮತ್ತೆ ಜೋರ್ಡನ್ ಯಾಕೆ ಮೇಲು? 1987-88ರಲ್ಲಿ ಒಂದೇ ಸೀಸನ್‌ನಲ್ಲಿ ಅತಿ ಹೆಚ್ಚು ಸರಾಸರಿ ಪಾಯಿಂಟ್, ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ), ಲೀಗ್‌ನ ಅತ್ಯುತ್ತಮ ಡಿಫೆಂಡರ್, ಮೂರೂ ಅವರೇ. ಆಟದ ಎರಡೂ ತುದಿಯಲ್ಲಿ ಅವರೇ ಎಲ್ಲರಿಗಿಂತ ಮುಂದೆ. 1998ರ ಫೈನಲ್‌ನ ಆರನೇ ಪಂದ್ಯದ ಕೊನೆಯ ಮುಕ್ಕಾಲು ನಿಮಿಷ ಸಿಕ್ಕರೆ ನೋಡಿ. ಎದುರಾಳಿ ಯೂಟಾ ಊರಲ್ಲೇ ಪಂದ್ಯ, ಬುಲ್ಸ್ 3 ಪಾಯಿಂಟ್ ಹಿಂದೆ. ಜೋರ್ಡನ್ ನುಗ್ಗಿ ಒಂದು ಬಾಸ್ಕೆಟ್ ಹಾಕಿದರು. ವಾಪಸ್ ಓಡಿ, ಹಿಂದಿನಿಂದ ಬಂದು ಯೂಟಾದ ಕಾರ್ಲ್ ಮಲೋನ್ ಕೈಯಿಂದ ಬಾಲ್ ಕಿತ್ತುಕೊಂಡರು. ಟೈಮ್‌ಔಟ್ ಕೇಳಲಿಲ್ಲ. ತಾವೇ ಬಾಲ್ ತಂದು, 5.2 ಸೆಕೆಂಡ್ ಉಳಿದಿರುವಾಗ ಗೆಲ್ಲುವ ಶಾಟ್ ಹಾಕಿದರು. 87-86. ಬಾಲ್ ಕಿತ್ತುಕೊಂಡಿದ್ದು ಆ ಶಾಟ್‌ಗಿಂತ ದೊಡ್ಡದು ಅಂತ ನನ್ನ ಅನಿಸಿಕೆ.

ಪ್ರಶ್ನೆ: ಬಿಲ್ ರಸೆಲ್ 11 ಚಾಂಪಿಯನ್‌ಶಿಪ್ ಗೆದ್ದಿದ್ದಾರೆ ಅಂತಾರೆ. ಆದರೆ ಆಗ ಲೀಗ್‌ನಲ್ಲಿ ಇದ್ದಿದ್ದೇ ಎಂಟು-ಒಂಬತ್ತು ತಂಡ. ಅದಕ್ಕೆಲ್ಲ ಅಷ್ಟು ಬೆಲೆ ಕೊಡಬೇಕಾ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಕೊಡಬೇಕು. 1957ರಲ್ಲಿ ಎಂಟೇ ತಂಡ ಇದ್ದಿದ್ದು ನಿಜ, ಎರಡು ಸರಣಿ ಗೆದ್ದರೆ ರಸೆಲ್ ತಂಡ ಬಾಸ್ಟನ್ ಚಾಂಪಿಯನ್ ಆಗುತ್ತಿತ್ತು, ಈಗ ನಾಲ್ಕು ಗೆಲ್ಲಬೇಕು. ಆದರೆ ಎಂಟು ತಂಡ ಅಂದರೆ ಒಳ್ಳೆಯ ಆಟಗಾರರೆಲ್ಲ ಆ ಎಂಟರಲ್ಲೇ ತುಂಬಿರುತ್ತಿದ್ದರು ಅನ್ನೋದನ್ನೂ ನೋಡಿ. ವಿಲ್ಟ್ ಚೇಂಬರ್ಲೇನ್ ಅಂಥವರ ಎದುರು ರಸೆಲ್ ಒಂದು ಸೀಸನ್‌ನಲ್ಲಿ ಎಷ್ಟೋ ಸಲ ಆಡಬೇಕಿತ್ತು. ವಿಲ್ಟ್ ಒಂದೇ ಪಂದ್ಯದಲ್ಲಿ 100 ಪಾಯಿಂಟ್ ಹಾಕಿದ್ದು, ಸರಾಸರಿ 50ರ ಮೇಲೆ ಹಾಕಿದ್ದು 1961-62ರಲ್ಲಿ. ಆ ವರ್ಷದ ಎಂವಿಪಿ ರಸೆಲ್! ಆಗ ಓಟು ಹಾಕುತ್ತಿದ್ದವರು ಆಟಗಾರರೇ. ಅವರಿಗೆ ಏನೋ ಕಂಡಿತ್ತು.

ಕಂಡಿದ್ದು ಇದು. ರಸೆಲ್ ಶಾಟ್ ಬ್ಲಾಕ್ ಮಾಡಿದರೆ ಬಾಲನ್ನ ಗ್ಯಾಲರಿಗೆ ಬಡಿಯುತ್ತಿರಲಿಲ್ಲ, ಮೆಲ್ಲಗೆ ತಟ್ಟಿ ತಮ್ಮವರ ಕೈಗೇ ಬೀಳಿಸುತ್ತಿದ್ದರು, ಅಲ್ಲಿಂದಲೇ ಬಾಸ್ಟನ್ ಓಟ ಶುರು. ಬ್ಲಾಕ್‌ಗಳನ್ನ ಎನ್‌ಬಿಎ ಎಣಿಸೋಕೆ ಶುರು ಮಾಡಿದ್ದು 1973-74ರಿಂದ, ರಸೆಲ್ ಅಷ್ಟರಲ್ಲಿ ನಿವೃತ್ತರಾಗಿದ್ದರು. ಅವರ ಅತಿ ದೊಡ್ಡ ಕೆಲಸಕ್ಕೆ ಅಂಕಿಅಂಶವೇ ಇಲ್ಲ. ಅದಕ್ಕೇ ಈಗಿನ ಪಟ್ಟಿಗಳಲ್ಲಿ ಅವರು ಕೆಳಗಿಳಿಯುತ್ತಾ ಹೋಗುತ್ತಿದ್ದಾರೆ. ಇದು ನನಗೆ ತುಂಬಾ ಬೇಜಾರಿನ ವಿಷಯ.

ಅವರ ಕೊನೆಯ ಪಂದ್ಯದ ಕಥೆ ಹೇಳಲೇಬೇಕು. 1969ರ ಫೈನಲ್, ಏಳನೇ ಪಂದ್ಯ, ಲಾಸ್ ಏಂಜಲೀಸ್. ಬಾಸ್ಟನ್‌ನವರಿಗೆ ವಯಸ್ಸಾಗಿತ್ತು, ಈಸ್ಟ್ ವಿಭಾಗದಲ್ಲಿ ನಾಲ್ಕನೆಯವರಾಗಿ ಬಂದಿದ್ದರು. ರಸೆಲ್ ಆಟಗಾರರೂ ಹೌದು, ಕೋಚೂ ಹೌದು. ಎನ್‌ಬಿಎಯ ಮೊದಲ ಕಪ್ಪು ಕೋಚ್ ಅವರೇ. ಎದುರಾಳಿ ಲೇಕರ್ಸ್ ತಂಡದ ಮಾಲೀಕರು ಗೆಲುವು ತಮ್ಮದೇ ಅಂತ ಸ್ಟೇಡಿಯಂನ ಚಾವಣಿಗೆ ಮೊದಲೇ ಸಾವಿರಾರು ಬಲೂನು ಕಟ್ಟಿಸಿಟ್ಟಿದ್ದರು. ಕೊನೆಯ ನಿಮಿಷಗಳಲ್ಲಿ, ಆಗ ಲೇಕರ್ಸ್‌ನಲ್ಲಿದ್ದ ವಿಲ್ಟ್ ಮಂಡಿ ಪೆಟ್ಟಾಗಿ ಆಚೆ ಬಂದರು, ಮತ್ತೆ ಆಡ್ತೀನಿ ಅಂದರೂ ಕೋಚ್ ಬಿಡಲಿಲ್ಲ. ಬಾಸ್ಟನ್‌ನ ಡಾನ್ ನೆಲ್ಸನ್ ಎಸೆದ ಬಾಲ್ ರಿಂಗಿನ ಹಿಂಬದಿಗೆ ಬಡಿದು, ನೆಟ್ಟಗೆ ಮೇಲಕ್ಕೆ ಹಾರಿ, ವಾಪಸ್ ರಿಂಗಿನೊಳಗೇ ಬಿತ್ತು. ಬಾಸ್ಟನ್ 108, ಲೇಕರ್ಸ್ 106. ಬಲೂನು ಚಾವಣಿಯಲ್ಲೇ ಉಳಿದವು.

ಫೈನಲ್ಸ್ ಎಂವಿಪಿ ಪ್ರಶಸ್ತಿ ಶುರುವಾಗಿದ್ದು ಅದೇ ವರ್ಷ. ಕೊಟ್ಟಿದ್ದು ಯಾರಿಗೆ ಗೊತ್ತಾ? ಸೋತ ಲೇಕರ್ಸ್‌ನ ಜೆರ್ರಿ ವೆಸ್ಟ್‌ಗೆ. ಆ ಪಂದ್ಯದಲ್ಲಿ 42 ಪಾಯಿಂಟ್, 13 ರೀಬೌಂಡ್ (ಗುರಿ ತಪ್ಪಿದ ಬಾಲ್ ಹಿಡಿಯೋದು), 12 ಅಸಿಸ್ಟ್ (ಬಾಸ್ಕೆಟ್‌ಗೆ ದಾರಿಯಾದ ಪಾಸ್). ಸೋತ ತಂಡದವರಿಗೆ ಅದು ಸಿಕ್ಕಿದ್ದು ಅದೊಂದೇ ಸಲ. ದಾವಣಗೆರೆ ಹುಡುಗರು ಇದನ್ನೂ ಓದಿಕೊಳ್ಳಲಿ.

ಪ್ರಶ್ನೆ: ಚಾಂಪಿಯನ್ ಆದವರಿಗೆ ಸಿಗುವ ಉಂಗುರದ ಲೆಕ್ಕವೇ ಸರಿಯಾದರೆ ರಾಬರ್ಟ್ ಹಾರಿ ಹತ್ತಿರ ಏಳಿದೆ. ಅವರು ಜೋರ್ಡನ್‌ಗಿಂತ ದೊಡ್ಡವರಾ?
— ಶಾಲಾ ಶಿಕ್ಷಕರು, ಹಾಸನ

ಉತ್ತರ: ಅಲ್ಲ. ಒಂದು ಸಲವೂ ಲೀಗ್‌ನ ಆಯ್ದ ತಾರೆಯರು ಆಡುವ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದವರಲ್ಲ. ಹಾಗಂತ ಹಾರಿಯನ್ನ ಸುಮ್ನೆ ಅದೃಷ್ಟವಂತ ಅನ್ನಬೇಡಿ. 2002ರಲ್ಲಿ ಸ್ಯಾಕ್ರಮೆಂಟೊ ಎದುರು ಸಮಯ ಮುಗಿಯುತ್ತಿದ್ದಂತೆ ಅವರು ಹಾಕಿದ ಆ ಮೂರು ಪಾಯಿಂಟ್ ಇಲ್ಲದಿದ್ದರೆ ಲೇಕರ್ಸ್‌ಗೆ ಆ ವರ್ಷದ ಕಪ್ ಕಷ್ಟವಿತ್ತು.

ಪ್ರಶ್ನೆ: 1996ರ ಬುಲ್ಸ್, 2017ರ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎದುರುಬದುರಾದರೆ?
— ಓದುಗರೊಬ್ಬರು, ಮೈಸೂರು

ಉತ್ತರ: ಯಾವ ಕಾಲದ ನಿಯಮ ಅನ್ನೋದನ್ನ ಮೊದಲು ಹೇಳಿ. ಬುಲ್ಸ್ ಪಂದ್ಯಕ್ಕೆ ಸುಮಾರು 16 ತ್ರೀ-ಪಾಯಿಂಟ್ ಎಸೆತ (ದೂರದ ಗೆರೆಯಾಚೆಯಿಂದ ಎಸೆಯೋದು) ಎಸೆಯುತ್ತಿದ್ದರು, ವಾರಿಯರ್ಸ್ 31. ಅದೂ ಬುಲ್ಸ್ 72 ಪಂದ್ಯ ಗೆದ್ದ ವರ್ಷ ಆ ಗೆರೆಯನ್ನ ಹತ್ತಿರಕ್ಕೆ ಎಳೆದಿದ್ದರು, ಎಲ್ಲ ಕಡೆ 22 ಅಡಿ. ಆದರೆ ಆಗ ಎದುರಾಳಿಯ ಸೊಂಟಕ್ಕೆ ಕೈಯಿಟ್ಟು ತಡೆಯೋಕೆ ಬಿಡುತ್ತಿದ್ದರು. ಜೋರ್ಡನ್, ಪಿಪ್ಪೆನ್ ಇಬ್ಬರೂ ವಾರಿಯರ್ಸ್‌ನ ಸ್ಟೀಫನ್ ಕರಿ ಮೇಲೆ ಹಾಗೆ ಕೈಯಿಟ್ಟರೆ ಏಳು ಪಂದ್ಯದಲ್ಲಿ ಬುಲ್ಸ್ ಗೆಲ್ಲುತ್ತಾರೆ. ಈಗಿನ ನಿಯಮದಲ್ಲಾದರೆ ವಾರಿಯರ್ಸ್‌ಗೆ ಐದು ಪಂದ್ಯ ಸಾಕು. ಅವರ ಕೆವಿನ್ ಡ್ಯುರಾಂಟ್‌ನನ್ನ ತಡೆಯೋಕೆ ಒಬ್ಬರನ್ನ ಬಿಟ್ಟರೆ, ಉಳಿದ ಮೂವರು ಶೂಟರ್‌ಗಳನ್ನ ನೋಡಿಕೊಳ್ಳೋಕೆ ಜನ ಸಾಲಲ್ಲ.

ಪ್ರಶ್ನೆ: ಈ ಚರ್ಚೆಯಲ್ಲಿ ಮಹಿಳೆಯರ ತಂಡ ಒಂದೂ ಬರಲ್ಲವಲ್ಲ, ಯಾಕೆ?
— ಕಾಲೇಜು ತಂಡದ ಆಟಗಾರ್ತಿ, ಮಂಗಳೂರು

ಉತ್ತರ: ಬರಬೇಕು. ಹ್ಯೂಸ್ಟನ್ ಕಾಮೆಟ್ಸ್ ಬಗ್ಗೆ ಹುಡುಕಿ ಓದಿ. ಅಮೆರಿಕದ ಮಹಿಳಾ ಲೀಗ್ ಡಬ್ಲ್ಯುಎನ್‌ಬಿಎ 1997ರಲ್ಲಿ ಶುರುವಾಯಿತು, ಮೊದಲ ನಾಲ್ಕೂ ವರ್ಷ ಚಾಂಪಿಯನ್ ಕಾಮೆಟ್ಸ್. ನಾಲ್ಕೂ ಸಲ ಫೈನಲ್ಸ್ ಎಂವಿಪಿ ಸಿಂಥಿಯಾ ಕೂಪರ್. ಲೀಗ್ ಶುರುವಾದಾಗ ಅವರಿಗೆ 34 ವರ್ಷ! ಅಲ್ಲಿವರೆಗೆ ದೇಶದಲ್ಲಿ ಆಡೋಕೆ ಅಂಥ ಲೀಗೇ ಇಲ್ಲದೆ ಸ್ಪೇನ್, ಇಟಲಿಯಲ್ಲಿ ಆಡಿಕೊಂಡಿದ್ದರು. ಅದೇ ತಂಡದ ಶೆರಿಲ್ ಸ್ವೂಪ್ಸ್ ಆ ಮೊದಲ ಸೀಸನ್‌ನಲ್ಲೇ ಹೆರಿಗೆಯಾಗಿ ಆರು ವಾರಕ್ಕೆಲ್ಲ ಕೋರ್ಟಿಗೆ ಇಳಿದರು. 1999ರ ಆಗಸ್ಟ್‌ನಲ್ಲಿ ತಂಡದ ಕಿಮ್ ಪೆರೊ ಕ್ಯಾನ್ಸರ್‌ನಿಂದ ತೀರಿಕೊಂಡರು, ಅದಾದ ಕೆಲವೇ ವಾರಗಳಲ್ಲಿ ಉಳಿದವರು ಮೂರನೇ ಕಪ್ ಗೆದ್ದರು.

2008ರಲ್ಲಿ ಆ ತಂಡವನ್ನೇ ಮುಚ್ಚಿಬಿಟ್ಟರು. ತಂಡವೇ ಇಲ್ಲದ ಮೇಲೆ ಅದರ ಪರ ವಾದಿಸುವ ಊರೂ ಇಲ್ಲ, ಅಭಿಮಾನಿಗಳ ಹೊಸ ತಲೆಮಾರೂ ಇಲ್ಲ. ಬಾಸ್ಟನ್‌ಗೆ, ಲೇಕರ್ಸ್‌ಗೆ ಅದು ಇದೆ. ಅತಿ ದೊಡ್ಡ ತಂಡ ಯಾವುದು ಅಂತ ಮುಂದಿನ ಸಲ ನಿಮ್ಮ ಕಾಲೇಜಲ್ಲಿ ವಾದ ಶುರುವಾದರೆ ಕಾಮೆಟ್ಸ್ ಹೆಸರು ನೀವೇ ಎತ್ತಿ.